ಬಳೆ, ಒಂದು

ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಅರ್ಧ ಪುಟ ಕೊಡುತ್ತಾರಂತೆ
ಪುರುಷರ ಬ್ಯಾಸ್ಕೆಟ್‌ಬಾಲ್ ತಂಡದ ಇತಿಹಾಸಕ್ಕೆ.
ಖೋಖೋಗೆ ಎರಡು, ಫೋಟೋ ಸಮೇತ.
ಬರೆಯುವವರು ಯಾರೂ ಸಿಗದೆ ನನ್ನ ಸ್ಟೋರಿಗೆ ಬಂದರು.
ದಾಸ್ತಾನು ಪುಸ್ತಕ ತೆಗೆದೆ.
ನನಗೆ ಗೊತ್ತಿರುವ ಇತಿಹಾಸಕ್ಕೆ ಆರು ಕಾಲಮ್ಮು,
ಕೊನೆಯದು ಷರಾ.

ತೊಂಬತ್ತೊಂದು, ಆಗಸ್ಟ್.
ಚೆಂಡು, ಎರಡು. ಪಂಪು, ಒಂದು; ಸೂಜಿ ಇಲ್ಲ.
ಬಳೆ, ಕಬ್ಬಿಣದ್ದು, ಒಂದು.

ಆಡಿಟ್ಟಿನವರು ಕನ್ನಡಕ ಏರಿಸಿದರು:
ಗಂಡು ಹುಡುಗರ ತಂಡಕ್ಕೆ ಬಳೆ ಯಾಕ್ರೀ ಹಾಲೇಶಪ್ಪ?
ತೊಡಿಸೋಕೆ ಸಾರ್, ಸೋತು ಬಂದೋರಿಗೆ, ಅಂದೆ.
ನಕ್ಕು ಟಿಕ್ ಹಾಕಿದರು.
ಮಾತು ಹಾಸ್ಟೆಲಿಗೆ ಹೋಗಿ ಅಲ್ಲೇ ಉಳಿಯಿತು.
ಪ್ರತಿ ವರ್ಷ ದಕ್ಷಿಣ ವಲಯದಿಂದ ಬಸ್ಸಿಳಿದವರು
ಚೀಲ ಇಳಿಸುವ ಮೊದಲೇ
ನನ್ನ ಕಿಟಕಿಯೊಳಗೆ ಮುಂಗೈ ಚಾಚುತ್ತಿದ್ದರು.

ಬಗ್ಗಿಸಿದವನು ಭದ್ರಾವತಿ ಕಾರ್ಖಾನೆಯ ಷಣ್ಮುಗಂ,
ಎರಡನೇ ಪಾಳಿ, ಊಟದ ಬಿಡುವಿನಲ್ಲಿ.
ಹದಿನಾರರ ಸರಳು.
ಕೂಲಿ, ಕ್ಯಾಂಟೀನಿನ ಎರಡು ವಡೆ.
ಇನ್ನೊಂದು ತುದಿಯ ಬಳೆ ಜಲಂಧರದಿಂದ ಬಂತು, ನಾಲ್ಕು ವರ್ಷ ತಡವಾಗಿ,
ಎಣ್ಣೆಕಾಗದ ಸುತ್ತಿಕೊಂಡು.
ಅಷ್ಟರಲ್ಲಿ ಅಭ್ಯಾಸವೆಂದರೆ ಷಣ್ಮುಗಂ ಕಡೆ ಎಂದಾಗಿತ್ತು.
ಆಮೇಲೂ ಯಾರೂ ಬದಲಾಯಿಸಲಿಲ್ಲ; ಆ ಕಡೆ ನೆರಳಿತ್ತು.

ಜೂನ್ ಬಂದರೆ ಅಂಗಳಕ್ಕೆ ಪಾಚಿ.
ಎಪಿಎಂಸಿ ಗೋದಾಮಿಗೆ ಹೋಗುತ್ತಿದ್ದೆವು.
ಚೆಂಡು ಪುಟಿದಲ್ಲೆಲ್ಲ ತೌಡಿನ ಧೂಳು,
ಹಮಾಲರೇ ಪ್ರೇಕ್ಷಕರು.
ಗೋಡೆಗೆ ಬಳೆಯಿಲ್ಲ, ಆದ್ದರಿಂದ
ಪಾಸ್ ಕೊಡುವುದರಲ್ಲಿ ನಮ್ಮವರು ಭಾರೀ ಗಟ್ಟಿ.

ತೊಂಬತ್ತೆಂಟು. ಬನಿಯನ್ನು, ನೀಲಿ, ಹನ್ನೆರಡು.
ಷರಾ: ಏಳನೇ ನಂಬರು ಎರಡು ಬಂದಿದೆ.
ಒಂದನ್ನು ಸೊರಬದ ಗಾಮಪ್ಪ ತೊಟ್ಟ, ಒಂದನ್ನು ನೂರುಲ್ಲಾ.
ಇಬ್ಬರ ಫೌಲೂ ಒಂದೇ ಲೆಕ್ಕಕ್ಕೆ ಬಿದ್ದು
ಐದಾದಾಗ ಜೋಡಿಯಾಗಿ ಹೊರಬಂದರು.
ಐದರಲ್ಲಿ ಮೂರು ಯಾರದು ಎಂದು ಇವತ್ತಿಗೂ ಜಗಳ,
ಒಬ್ಬರ ಮನೆ ಮದುವೆಯಲ್ಲಿ ಇನ್ನೊಬ್ಬರು ಬಡಿಸುತ್ತಲೇ.

ಗೆಲುವು?
ಇದೆ. ಎರಡು ಸಾವಿರದ ಐದು, ನಮ್ಮ ಅಂಗಳದಲ್ಲೇ.
ಎದುರಾಳಿಗಳ ಬಸ್ಸು ತರೀಕೆರೆ ದಾಟಿ ಆಕ್ಸಲ್ ಮುರಿದು ನಿಂತಿತ್ತು.
ನಾಲ್ಕಕ್ಕೆ ಸೀಟಿ ಊದಿ, ಗೆದ್ದಿರೆಂದು ಬರೆದುಕೊಟ್ಟರು.
ಅವರು ಬಂದದ್ದು ರಾತ್ರಿ ಎಂಟಕ್ಕೆ, ಲಾರಿ ಹತ್ತಿ,
ತಲೆಗೆಲ್ಲ ಈರುಳ್ಳಿ ಸಿಪ್ಪೆ.
ನಮ್ಮ ಕ್ಯಾಪ್ಟನ್ ಕರಿಬಸಯ್ಯ ಬಂದು ಕೀಲಿ ಕೇಳಿದ.
ನಿಯಮದ ಪ್ರಕಾರ ಆರಕ್ಕೆ ಬೀಗ.
ಕೊಟ್ಟೆ.
ಎರಡು ಜೀಪು ಅಂಗಳದ ಅಂಚಿಗೆ ತಂದು ಲೈಟು ಹಾಕಿದರು,
ಒಂದು ಕುಲಸಚಿವರದು; ಅವರಿಗೆ ಗೊತ್ತಿಲ್ಲ.
ಮೊದಲರ್ಧ ನಾವೇ ಮುಂದೆ, ಹನ್ನೊಂದು ಅಂಕ.
ದಿಕ್ಕು ಬದಲಾಯಿತು.
ಜಲಂಧರದ ಬಳೆಗೆ ಎಸೆದದ್ದೆಲ್ಲ ಅಂಚಿಗೆ ಬಡಿದು ಕತ್ತಲಿಗೆ ಹಾರಿತು,
ಹುಡುಕಿ ತರುವುದೇ ಆಟವಾಯಿತು.
ಸೋತೆವು.
ಗೆದ್ದ ಪತ್ರ ಆಮೇಲೆ ಗೆದ್ದಲಿಗೆ ಹೋಯಿತು.
ಆ ರಾತ್ರಿ ನಮ್ಮವರು ಮುಂಗೈ ಚಾಚಿದಾಗ
ಅವರೂ ಚಾಚಿದರು, ಏನೆಂದು ತಿಳಿಯದೆ.

ಹೋದ ತಿಂಗಳು ಗಾಜಿನ ಹಲಗೆ ಬಂತು, ಸ್ಪ್ರಿಂಗಿನ ಬಳೆ ಬಂತು.
ಹಳೆಯದನ್ನು ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು,
ಗುಜರಿಗೆ ತೂಕ ಬರೆಯಿರಿ ಎಂದು.
ಬರೆಯುವ ಮೊದಲು, ಯಾಕೋ, ಟೇಪು ಹಿಡಿದೆ.
ಉದ್ದಕ್ಕೆ ನಲವತ್ತೈದು.
ಅಡ್ಡಕ್ಕೆ ನಲವತ್ತೆರಡೂವರೆ.
ಟೇಪು ಝಾಡಿಸಿ ಇನ್ನೊಮ್ಮೆ ಹಿಡಿದೆ.

ಇಪ್ಪತ್ತೈದು ಬ್ಯಾಚು ಹುಡುಗರು
ಈ ಓರೆಗೆ ಮಣಿಕಟ್ಟು ಹೊಂದಿಸಿಕೊಂಡು
ದುಂಡಗಿದ್ದ ಊರುಗಳಿಗೆ ಆಡಲು ಹೋದರು.

ಹೊಸಮನೆಗೆ ಫೋನು ಮಾಡಿದೆ. ಷಣ್ಮುಗಂಗೆ ಕಿವಿ ಮಂದ.
ಬಳೆ ಬಿಚ್ಚಿದ್ದಾರೆ, ಎಂದು ಕೂಗಿದೆ.
ಇನ್ನೂ ದುಂಡಗಿದೆಯಾ? ಎಂದ.
ಇದೆ.
ಇರಲೇಬೇಕು, ಎಂದ, ಅಳತೆಯೇ ಹಿಡಿದಿರಲಿಲ್ಲ, ಕಣ್ಣಂದಾಜು.

ಅರ್ಧ ಪುಟದವರು ನಾಳೆ ಬರುತ್ತಾರೆ.
ನಾನು ತೂಕ ಬರೆದಿಲ್ಲ.
ಬಳೆ, ಒಂದು.
ಷರಾ: ಉಪಯೋಗದಲ್ಲಿದೆ.